ಹಾರಂಗಿ ನೋಡಲು ಹೋದದ್ದು

ಆಷಾಢದ ಒಂದು ಭಾನುವಾರ ನಾವು ಐವರು ಪಿರಿಯಾಪಟ್ಟಣದಲ್ಲಿ ಮಡಿಕೇರಿ ಬಸ್ಸು ಹತ್ತಿದೆವು. ಐವರೂ ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು. ಒಬ್ಬನಿಗೆ ಅತಿಥಿ ಉಪನ್ಯಾಸಕನ ಕೆಲಸ, ಉಳಿದವರಿಗೆ ಅದೂ ಇಲ್ಲ. 'ಮಳೇಲಿ ನೀರು ನೋಡಕ್ಕೆ ಹೋಯ್ತಾವಂತೆ' ಎಂದು ಕೇರಿಯವರು ನಕ್ಕರು. ನಕ್ಕದ್ದು ಸರಿಯೇ. ನಮ್ಮ ಜನ ನೀರು ತರಲು ಹೋದದ್ದುಂಟು, ನೀರು ಕೇಳಲು ಹೋಗಿ ಒದೆ ತಿಂದದ್ದುಂಟು, ನೋಡಲೆಂದೇ ಹೋದದ್ದಿಲ್ಲ.

ಅಜ್ಜಿ ಮಾತ್ರ ನಗಲಿಲ್ಲ. 'ಹಾರಂಗಿ ಕಟ್ಟೆ ತಾವ ಒಂದು ಅತ್ತಿಮರ ಇತ್ತು. ಅದೈತಾ ನೋಡ್ಕೊಂಡು ಬನ್ನಿ' ಅಂದಳು.

ಕೊಪ್ಪದ ಹತ್ತಿರ ಸೇತುವೆ ದಾಟಿದರೆ ಕೊಡಗು. ಕೆಳಗೆ ಕಾವೇರಿ ಕೆಮ್ಮಣ್ಣು ಕಲಸಿಕೊಂಡು ದಡ ಉಜ್ಜುತ್ತಿದ್ದಳು. 2018ರಲ್ಲೂ 2019ರಲ್ಲೂ ಇದೇ ನೀರು ಕುಶಾಲನಗರದ ಮನೆಗಳಿಗೆ ನುಗ್ಗಿತ್ತು.

ಮಡಿಕೇರಿಯಿಂದ ಮೊದಲು ಅಬ್ಬಿಗೆ. ಅಬ್ಬಿ ಎಂದರೇ ಜಲಪಾತ, ಬೋರ್ಡುಗಳಲ್ಲಿ 'ಅಬ್ಬಿ ಫಾಲ್ಸ್'. ಬಿಳಿಯರ ಕಾಲದಲ್ಲಿ ಯಾರೋ ಪಾದ್ರಿಯ ಮಗಳ ನೆನಪಿಗೆ ಜೆಸ್ಸಿ ಫಾಲ್ಸ್ ಅಂತಲೂ ಕರೆದಿದ್ದರಂತೆ. ಕಾಫಿ, ಮೆಣಸಿನ ಬಳ್ಳಿಗಳ ನಡುವೆ ಮೆಟ್ಟಿಲಿಳಿದರೆ ಕಾಣುವ ಮೊದಲೇ ಸದ್ದು ಎದೆಗೆ ಬಡಿಯುತ್ತದೆ. ಸುಳ್ಳು ಯಾಕೆ, ನಾವೂ ಮೈಮರೆತೆವು. ಕೂಗಿದೆವು, ಫೋಟೋ ತೆಗೆದೆವು. ಹನಿ ಹಾರಿ ಬಂದು ಎಲ್ಲರ ಮುಖದ ಮೇಲೂ ಬೀಳುತ್ತಿತ್ತು, ಯಾರನ್ನೂ ಯಾವ ಜಾತಿ ಎಂದು ಕೇಳದೆ.

ವಾಪಸು ಬರುವಾಗ ದಾರಿಯಲ್ಲಿ ಯಾವುದೋ ತೋಟದ ಬೇಲಿ ಪಕ್ಕ ಮಳೆಗೆ ನಿಂತೆವು. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಮುದುಕಿಯೊಬ್ಬಳು ಎರಡು ಕೊಡ ನೀರು ಹೊತ್ತು ಲೈನ್‌ಮನೆಗೆ ಹೋಗುತ್ತಿದ್ದಳು. ಎರವರಾಕೆ. ನಮ್ಮನ್ನು ನೋಡಿ ನಿಂತಳು.

'ಎಲ್ಲಿಂದ?'

'ಪಿರಿಯಾಪಟ್ಟಣ. ಅಬ್ಬಿ ನೋಡೋಕೆ ಬಂದಿದ್ವಿ.'

'ನೀರು ನೋಡ್ಲಿಕ್ಕೆ ಕಾಸು ಕೊಟ್ಟು ಬಂದ್ರಾ?' ಎಂದು ನಕ್ಕಳು. ಬಾಯಲ್ಲಿ ಹಲ್ಲಿರಲಿಲ್ಲ. ಅಷ್ಟು ಮಳೆಯಲ್ಲೂ ಅವಳು ಕುಡಿಯುವ ನೀರನ್ನು ಹೊರಲೇಬೇಕಿತ್ತು. ಕೊಡ ಇಳಿಸಿಕೊಳ್ಳಲು ಹೋದೆವು, ಕೊಡಲಿಲ್ಲ.

ಎರವರನ್ನು ಭೂಮಿಯ ಜೊತೆಗೇ ಮಾರುತ್ತಿದ್ದ ಕಾಲವೊಂದಿತ್ತು ಈ ನಾಡಿನಲ್ಲಿ. ಜೀತವನ್ನು ಮಾನ್ಯ ಮಾಡುವುದಿಲ್ಲ ಎಂಬ ಕಾನೂನು ಬಂದದ್ದು 1843ರಲ್ಲಿ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ನಾವಿನ್ನೂ ಹೈಸ್ಕೂಲು. ಹೋರಾಡಿದವರಲ್ಲಿ ಬಹಳ ಮಂದಿಗೆ ಆಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಸಿಕ್ಕಿತು. ಈ ಮುದುಕಿಯ ಹೆಸರು ಯಾವ ಪಟ್ಟಿಯಲ್ಲಿತ್ತೋ. ಕೇಳುವಷ್ಟರಲ್ಲಿ ಅವಳು ತಿರುವಿನಲ್ಲಿದ್ದಳು.

ಹಾರಂಗಿ ಮುಟ್ಟುವಾಗ ಸಂಜೆ. 1982ರಲ್ಲಿ ಕೆಲಸ ಮುಗಿದ ಅಣೆಕಟ್ಟು, ತುಂಬಿದರೆ 2859 ಅಡಿ, ಎಂಟೂವರೆ ಟಿಎಂಸಿ. ಗೇಟು ತೆಗೆದಿದ್ದರು. ಅಬ್ಬಿಯ ನೀರು ತಾನಾಗಿ ಬೀಳುತ್ತದೆ, ಇಲ್ಲಿಯದು ಬಿಟ್ಟರೆ ಬೀಳುತ್ತದೆ. ಯಾರಿಗೆ ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕುವವರು ಇರುವ ನೀರು. ಇದರ ಕಾಲುವೆಗಳು ಕೊಡಗನ್ನು ಬಿಟ್ಟು ಪೂರ್ವಕ್ಕೆ ಇಳಿದು ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡುಗಳ ಗದ್ದೆ ಕಾಣುತ್ತವೆ. ನಮ್ಮ ಕೇರಿಯವರ ಅರ್ಧ ಅರ್ಧ ಎಕರೆ ತೂಬಿನ ಕಟ್ಟಕಡೆಯಲ್ಲಿವೆ. ಮೇಲಿನವರ ಗದ್ದೆ ತುಂಬಿ, ಅವರ ಮನಸ್ಸೂ ತುಂಬಿದ ಮೇಲೆ ನಮಗೆ.

ಈ ಕಟ್ಟೆಗೆ ಅಜ್ಜಿ ಮಣ್ಣು ಹೊತ್ತಿದ್ದಾಳೆ. ಆಗ ಅವಳಿಗೆ ಹದಿನಾರೋ ಹದಿನೇಳೋ. ಕೂಲಿ ಎಷ್ಟಿತ್ತು ಎಂಬುದು ಮರೆತಿದೆ, ನೀರಿನ ಹರವಿ ಮರೆತಿಲ್ಲ. ಹರವಿ ಅತ್ತಿಮರದ ಬುಡದಲ್ಲಿ ಇರುತ್ತಿತ್ತಂತೆ. ನಮ್ಮವರು ಮುಟ್ಟುವಂತಿಲ್ಲ. ಮೇಲ್ಜಾತಿಯ ಕೂಲಿ ಹೆಂಗಸು ಯಾರಾದರೂ ಬಿಡುವಾಗಿ ಬಂದು ಚೊಂಬಿನಿಂದ ಎತ್ತಿ ಹುಯ್ಯುವವರೆಗೆ ಬೊಗಸೆ ಒಡ್ಡಿಕೊಂಡು ನಿಲ್ಲಬೇಕು. 'ಒಂದಪ ಅವ್ಳು ಬರ್ನೇ ಇಲ್ಲ. ಬಿಸ್ಲು. ನಾನೇ ಚೊಂಬು ಎತ್ಕೊಂಡೆ' ಎನ್ನುತ್ತಾಳೆ ಅಜ್ಜಿ. ಆಮೇಲೇನಾಯಿತು ಎಂದರೆ, 'ಅರವಿ ಒಡದಾಕುದ್ರು. ನನ್ನ ಕೆಲ್ಸದಿಂದ ತೆಗುದ್ರು' ಎಂದಿಷ್ಟೇ. ಮಹಾಡಿನ ಚೌದಾರ್ ಕೆರೆಗೆ ಇಳಿದು ಬಾಬಾಸಾಹೇಬರು ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಅಜ್ಜಿಗೆ ಅದು ಆಗ ಗೊತ್ತಿರಲಿಲ್ಲ. ಬಾಯಾರಿತ್ತು, ಎತ್ತಿಕೊಂಡಳು.

ಅತ್ತಿಮರ ಹುಡುಕಿದೆವು. ಕಾವಲಿನವನನ್ನು ಕೇಳಿದರೆ ನಮ್ಮ ಮುಖ ನೋಡಿ, 'ಯಾವ ಮರ? ನಾನು ಬಂದ ಮೇಲೆ ಇಲ್ಲಪ್ಪ' ಅಂದ. ಮಳೆ ಜೋರಾಯಿತು. ಏರಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಇದರೊಳಗೆ ಅವಳು ಹೊತ್ತ ಮಂಕರಿಗಳು ಎಲ್ಲಿವೆ ಎಂದು ಒಬ್ಬ ಕೇಳಿದ. ಉಳಿದವರು ಮಾತಾಡಲಿಲ್ಲ.

ರಾತ್ರಿ ಹತ್ತಕ್ಕೆ ಕೇರಿ ಸೇರಿದಾಗ ಅಜ್ಜಿ ಎದ್ದೇ ಇದ್ದಳು.

'ಮರ ಇಲ್ಲ ಕಣಜ್ಜಿ.'

'ಓಗ್ಲಿ ಬುಡು. ನೀರು ಕುಡುದ್ರಾ?'

ಇಡೀ ದಿನ ನಾವು ಕುಡಿದದ್ದು ಅಂಗಡಿಯಲ್ಲಿ ಕೊಂಡ ಬಾಟಲಿ ನೀರು, ಒಂದಕ್ಕೆ ಇಪ್ಪತ್ತು ರೂಪಾಯಿ. 'ಊಂ' ಅಂದೆವು.