ಧೆಡಿಯರ ಬಟ್ಟೆ

ಗೋವಾದಲ್ಲಿ ಹೊಲಿಗೆಯವರ ವರ್ಷ ಯುಗಾದಿಗೆ ಶುರುವಾಗುವುದಿಲ್ಲ, ಈಸ್ಟರ್ ಹಬ್ಬಕ್ಕೆ ಶುರುವಾಗುತ್ತದೆ. ಅದರ ಹಿಂದಿನ ನಲವತ್ತು ದಿನದ ಉಪವಾಸದ ಕಾಲದಲ್ಲಿ ಇಲ್ಲಿಯ ಕ್ರಿಶ್ಚಿಯನ್ನರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ನಮ್ಮ ಆಷಾಢ ಇದ್ದ ಹಾಗೆ ಅನ್ನಿ. ಈಸ್ಟರ್ ಮುಗಿಯಿತೋ, ಮಳೆ ಹಿಡಿಯುವುದರೊಳಗೆ ಒಂದರ ಬೆನ್ನಿಗೊಂದು ಮದುವೆ. ಆ ಎರಡು ತಿಂಗಳು ನನ್ನ ಮಷಿನ್ನಿಗೆ ರಾತ್ರಿ ಹನ್ನೊಂದರ ತನಕ ಬಿಡುವಿಲ್ಲ.

ಮನೆಯವರು ಗೌಂಡಿ ಕೆಲಸಕ್ಕೆ ಮಡಗಾಂವಕ್ಕೆ ಬಂದದ್ದು 1998ರಲ್ಲಿ. ನಾನು ಬಾದಾಮಿಯಲ್ಲಿ ಆರು ತಿಂಗಳ ಹೊಲಿಗೆ ಕ್ಲಾಸು ಮುಗಿಸಿದ್ದೆ. ಮಷಿನ್ನಿನ ಮೇಲಿನ ಭಾಗ ಒಂದು ಗೋಣಿಚೀಲದಲ್ಲಿ ಸುತ್ತಿಕೊಂಡು, ಲೋಂಡಾದಲ್ಲಿ ರೈಲು ಬದಲಿಸಿ, ಘಟ್ಟ ಇಳಿದು ಬಂದೆ. ಮೊದಲಿಗೆ ನಮ್ಮ ಕಡೆಯ ಹೆಣ್ಣುಮಕ್ಕಳ ಜಂಪರು, ಫಾಲು, ಮಕ್ಕಳ ಶಾಲೆ ಬಟ್ಟೆ. ಗಾಂಧಿ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಮಾರುವ ನಮ್ಮವರೇ ನನ್ನ ಗಿರಾಕಿಗಳು. ಆಮೇಲೆ ಬಾಜೂ ಮನೆಯ ಕ್ರಿಶ್ಚಿಯನ್ ಬಾಯಿ ಒಂದು ಫ್ರಾಕು ಕೊಟ್ಟರು, ಅದು ಚೊಲೋ ಬಂತು, ಹಾಗೇ ಹೆಸರು ಹಬ್ಬಿತು.

ಇಲ್ಲಿಯ ಮದುವೆಯಲ್ಲಿ ಮದುಮಗಳ ಜೋಡಿ ನಾಲ್ಕೈದು ಹುಡುಗಿಯರು ಒಂದೇ ಬಣ್ಣದ ಉದ್ದನೆ ಬಟ್ಟೆ ತೊಟ್ಟು ಚರ್ಚಿನೊಳಗೆ ನಡೆಯುತ್ತಾರೆ. ಕೊಂಕಣಿಯಲ್ಲಿ ಅವರಿಗೆ ಧೆಡಿ ಅನ್ನುತ್ತಾರೆ. ನಮ್ಮಲ್ಲಿ ಕಳಸಗಿತ್ತಿಯರು ಇರ್ತಾರಲ್ಲ, ಅದಕ್ಕೆ ಸಮೀಪದ ಮಾತು, ಪೂರ್ತಿ ಅದೇ ಅಲ್ಲ. ಸಂಜೆ ಹಾಲಿನಲ್ಲಿ ಬ್ಯಾಂಡು ಬಾರಿಸುವಾಗ ಮದುಮಕ್ಕಳ ಹಿಂದೆ ಮೆರವಣಿಗೆಯಂತೆ ಹೆಜ್ಜೆ ಹಾಕಿ, ಆಮೇಲೆ ಕುಣಿಯುವವರೂ ಇವರೇ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮದುವೆ 1840ರಲ್ಲಿ ಆದಾಗ ಹನ್ನೆರಡು ಹುಡುಗಿಯರು ಬಿಳಿ ಬಟ್ಟೆ ಉಟ್ಟು ಆಕೆಯ ಸೆರಗು ಹಿಡಿದಿದ್ದರಂತೆ. ಈಗ ಹನ್ನೆರಡು ಮಂದಿ ಯಾರೂ ಮಾಡಿಸುವುದಿಲ್ಲ. ಹೊಲಿಗೆಯವರ ಪುಣ್ಯ.

ದರ್ಜಿಗೆ ಈ ಊರಲ್ಲಿ ಮರ್ಯಾದೆ ಉಂಟು. ಹಳೆಯ ಪದ್ಧತಿಯ ಮನೆಗಳಲ್ಲಿ ಮದುಮಗಳ ಕೆಂಪು ಬಟ್ಟೆಗೆ ಸಾಡೊ ಅನ್ನುತ್ತಾರೆ. ಅದಕ್ಕೆ ಕತ್ತರಿ ಹಾಕುವುದೇ ಒಂದು ಶಾಸ್ತ್ರ. ದರ್ಜಿಯನ್ನು ಮನೆಗೆ ಕರೆಸಿ, ಪಟಾಕಿ ಹಾರಿಸಿ, ಕತ್ತರಿ ಹಾಕಿಸುತ್ತಾರೆ. ಅರಿವೆಗೆ ಇಷ್ಟು ಮಾನ ಕೊಡುವ ಜನ ಹುಡುಗಿಯ ಮೈಗೂ ಅಷ್ಟೇ ಮಾನ ಕೊಡುತ್ತಾರೆಂದಲ್ಲ. ಆ ವಿಷಯದಲ್ಲಿ ಎಲ್ಲಾ ಊರೂ ಒಂದೇ.

ಹೋದ ವರ್ಷ ಮೇ ತಿಂಗಳ ಮದುವೆಗೆ ಐದು ಧೆಡಿಯರ ಬಟ್ಟೆ ಒಂದೇ ಮನೆಯಿಂದ ಬಂತು. ಐದರಲ್ಲಿ ಒಬ್ಬಾಕಿ ನನ್ನ ಮಗಳು. ಮದುಮಗಳು, ಇವಳು ಒಂದನೇ ಇಯತ್ತೆಯಿಂದ ಒಂದೇ ಬೆಂಚಿನವರು. ಮಗಳಿಗೆ ಇಪ್ಪತ್ನಾಲ್ಕು ವರ್ಷ, ದೊಡ್ಡ ಮೈ. ಅವಳ ಅಳತೆ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅಳತೆ ಪುಸ್ತಕದಲ್ಲಿ ಇದೆ. ಉಳಿದದ್ದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮದುಮಗಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹೊಳೆಯುವ ಸ್ಯಾಟಿನ್, ಭುಜದ ಮೇಲೆ ಒಂದು ದಾರವೂ ಇಲ್ಲ, ಎದೆಯಿಂದ ಮೊಣಕಾಲ ತನಕ ಮೈಗೆ ಅಂಟಿದ್ದು. ಚಿತ್ರದ ಐದೂ ಹುಡುಗಿಯರು ಜೋಳದ ದಂಟಿನ ಹಾಗೆ ಇದ್ದರು. ಆ ರಾತ್ರಿ ಮಗಳು ಊಟಕ್ಕೆ ಕೂತವಳು, "ಅವ್ವಾ, ನಾ ಒಲ್ಲೆ. ನೌಕರಿ ರಜಾ ಸಿಗಲಿಲ್ಲ ಅಂತ ಹೇಳ್ತೀನಿ" ಅಂದಳು.

ಈ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ಊರಿನವರೇ ಓದುವ ಪುಸ್ತಕ ಇದು, ಆದ್ದರಿಂದ ಬಿಚ್ಚಿಯೇ ಹೇಳುತ್ತೇನೆ. ಆರು ವರ್ಷದ ಹಿಂದೆ ನಮ್ಮೂರಲ್ಲಿ ಒಂದು ಮದುವೆಗೆ ಬಂದಿದ್ದೆವು. ಪಂಕ್ತಿಯಲ್ಲಿ ಕೂತಾಗ ಬಡಿಸುವವರೊಬ್ಬರು, "ಗೋವಾದ ಮೀನು ಭಾಳ ಹತ್ಯಾವ ನೋಡವಾ ನಿನಗ!" ಅಂದರು. ಪಂಕ್ತಿಯೇ ನಕ್ಕಿತು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಅನ್ನುವುದು ಬೇರೆ ಮಾತು. ಹೊರಗೆ ಕೈ ತೊಳೆಯುವಲ್ಲಿ ಇನ್ನೊಬ್ಬರು ನನಗೆ, "ಈಕಿಗೆ ಗಂಡು ಎಲ್ಲಿ ಹುಡುಕ್ತಿ?" ಅಂದರು, ಅವಳು ಬಾಜೂಕೇ ನಿಂತಿದ್ದಳು. ಯಾರೂ ಹಗೆತನದಿಂದ ಅಂದದ್ದಲ್ಲ, ನನಗೆ ಗೊತ್ತು. ಆದರೆ ಅವತ್ತಿನಿಂದ ಅವಳು ಊರಿನ ಒಂದು ಮದುವೆಗೂ, ಜಾತ್ರೆಗೂ ಬಂದಿಲ್ಲ. "ಪರೀಕ್ಷೆ ಐತಿ", "ರಜಾ ಇಲ್ಲ" ಅಂತ ನಾನು ನಿಮಗೆ ಹೇಳುತ್ತಾ ಬಂದದ್ದು ಆ ಕಾರಣಕ್ಕೆ.

ಗೆಳತಿಯ ಮದುವೆಯನ್ನೂ ಅವಳು ಹಾಗೇ ಬಿಟ್ಟರೆ ಮುಂದೆ ಯಾವುದಕ್ಕೆ ಹೋದಾಳು ಅಂತ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಹಿರಿಯರ ಉಡುಗೆಯಲ್ಲಿ ಈ ತಾಪತ್ರಯವೇ ಇರಲಿಲ್ಲ, ನೋಡಿ. ಇಳಕಲ್ಲ ಸೀರೆ ನಿನ್ನ ಸೊಂಟ ಎಷ್ಟು ಅಂತ ಕೇಳುವುದಿಲ್ಲ. ಗುಳೇದಗುಡ್ಡದ ಖಣದ ಕುಬಸಕ್ಕೆ ಗುಂಡಿ ಇಲ್ಲ, ಮುಂದೆ ಗಂಟು. ಬಾಣಂತಿಯಾದಾಗ ಸಡಿಲ ಕಟ್ಟು, ಸುಗ್ಗಿಯಲ್ಲಿ ಬಡವಾದಾಗ ಬಿಗಿದು ಕಟ್ಟು. ಬಗಲಿಗೆ ಬೇರೆ ತುಂಡು ಕೊಟ್ಟಿರುವುದರಿಂದ ಕೈ ಎತ್ತಿ ರೊಟ್ಟಿ ಬಡಿದರೂ, ಕಣಕಿ ಹೊತ್ತರೂ ಹರಿಯುವುದಿಲ್ಲ. ಬಸುರಿ ಹೆಂಗಸಿಗೆ ಕುಬಸ ಮಾಡುತ್ತೇವಲ್ಲ, ಅಲ್ಲಿ ದೊಡ್ಡದಾಗುತ್ತಿರುವ ಮೈಗೆ ಹೊಸ ಅರಿವೆ ಕೊಟ್ಟು ಆರತಿ ಎತ್ತುತ್ತೇವೆ. ಜಿಪ್ಪು ಬಂದ ಮೇಲೆಯೇ ಮೈ ತಪ್ಪು, ಅರಿವೆ ಸರಿ ಅನ್ನುವ ಲೆಕ್ಕ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ.

ಅಂಗಡಿಯ ತಯಾರು ಬಟ್ಟೆಯ ನಂಬರುಗಳ ಕಥೆ ಇನ್ನೂ ಮಜಾ ಇದೆ. ಅಮೆರಿಕದ ಸರ್ಕಾರ 1939-40ರಲ್ಲಿ ಸುಮಾರು 15,000 ಹೆಂಗಸರ ಮೈ ಅಳತೆ ತೆಗೆಸಿತು. ಬಿಳಿಯರಲ್ಲದವರ ಅಳತೆ ಲೆಕ್ಕಕ್ಕೇ ಹಿಡಿಯಲಿಲ್ಲ. ಮುಂದೆ ಅಲ್ಲಿಯ ಸೈಜುಗಳನ್ನು ಗೊತ್ತು ಮಾಡಲು ಅದನ್ನೇ ಬಳಸಿದರು. ನಮ್ಮ ದೇಶದಲ್ಲಿ ನಮ್ಮದೇ ಮೈಯ ಅಳತೆ ಬೇಕು ಅಂತ ನಿಫ್ಟ್ ಸಂಸ್ಥೆಯವರು ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರನ್ನು ಅಳೆಯುವ ಕೆಲಸ ಹಿಡಿದದ್ದು ಮೊನ್ನೆ ಮೊನ್ನೆ. ಇನ್ನೊಂದು ಮಾತು. ಕಾರ್ಖಾನೆಯವರು ಸಾಮಾನ್ಯವಾಗಿ ಒಂದು ನಡುವಿನ ಸೈಜು ಕತ್ತರಿಸಿ, ಅದನ್ನೇ ಎಲ್ಲಾ ಕಡೆ ಹಿಗ್ಗಿಸುತ್ತಾ ಹೋಗುತ್ತಾರೆ. ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ಸೊಂಟ ಹತ್ತು ಇಂಚು ಹೆಚ್ಚಾದರೂ ಭುಜದ ಎಲುಬು ಇದ್ದಲ್ಲೇ ಇರುತ್ತದೆ. ಅದಕ್ಕೇ ದೊಡ್ಡ ಮೈಯವರು ತಯಾರು ಬಟ್ಟೆ ತೊಟ್ಟರೆ ಎದೆಗೆ ಸರಿಯಾಗುತ್ತದೆ, ಭುಜ ತೋಳಿಗೆ ಜಾರುತ್ತದೆ, ಕಂಕುಳಲ್ಲಿ ಜೋಳಿಗೆ ಬೀಳುತ್ತದೆ. ನೋಡಿದವರು ಮೈಗೆ ಬೈಯುತ್ತಾರೆ.

ಇದನ್ನೆಲ್ಲ ಮಗಳೇ ನನಗೆ ಓದಿ ಹೇಳಿದ್ದು. ಅವಳು ಓದಿದ್ದರಲ್ಲಿ ನನಗೆ ಮನಸ್ಸಿಗೆ ಹತ್ತಿದ್ದು ಲೀನಾ ಬ್ರಯಂಟ್ ಎಂಬಾಕೆಯ ಸುದ್ದಿ. ಲಿಥುವೇನಿಯಾದಿಂದ ನ್ಯೂಯಾರ್ಕಿಗೆ ಹೊಟ್ಟೆಪಾಡಿಗೆ ಬಂದ ಹೊಲಿಗೆಯಾಕಿ. ಗಂಡ ತೀರಿಕೊಂಡ ಮೇಲೆ, ಕಂಕುಳಲ್ಲಿ ಕೂಸು, ಕಿವಿಯ ಓಲೆ ಒತ್ತೆ ಇಟ್ಟು ಮಷಿನ್ನು ತಂದಳಂತೆ. 1904ರ ಸುಮಾರಿಗೆ ಬಸುರಿಯೊಬ್ಬಳಿಗೆ ಸೊಂಟದಲ್ಲಿ ಇಲಾಸ್ಟಿಕ್ ಇಟ್ಟು ಬಟ್ಟೆ ಹೊಲಿದು ಕೊಟ್ಟಳು. ಅಲ್ಲಿಂದ ಅಂಗಡಿ ಬೆಳೆಯಿತು. ಬ್ಯಾಂಕಿನ ಕಾಗದದಲ್ಲಿ ಲೀನಾ ಹೋಗಿ ಲೇನ್ ಆಯಿತು, ಅಂಗಡಿಗೆ ಅದೇ ಹೆಸರು ನಿಂತಿತು. ಎರಡನೆಯ ಗಂಡ ಇಂಜಿನಿಯರು. ಅವನು ಸುಮಾರು 4,500 ಗಿರಾಕಿಗಳ ಅಳತೆ ತೆಗೆಸಿ, ದಪ್ಪ ಅಂದರೆ ಒಂದೇ ನಮೂನೆ ಅಲ್ಲ ಅಂತ ಲೆಕ್ಕ ಹಾಕಿ ತೋರಿಸಿದ. ಒಬ್ಬಾಕಿಗೆ ಎದೆ ದೊಡ್ಡದು, ಒಬ್ಬಾಕಿಗೆ ನಿತಂಬ, ಒಬ್ಬಾಕಿಗೆ ಎಲ್ಲಾ ಸಮ. ನನಗೆ ಇಪ್ಪತ್ತೈದು ವರ್ಷ ಟೇಪು ಹಿಡಿದು ಗೊತ್ತಾದದ್ದು ಆ ಮನುಷ್ಯ ನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದ.

ಮರುದಿನ ನಾನು ಮದುಮಗಳ ತಾಯಿಯ ಮನೆಗೆ ಹೋದೆ. ಐದೂ ಒಂದೇ ಇರಬೇಕು, ಫೋಟೋದಲ್ಲಿ ಚೆಂದ ಕಾಣಬೇಕು ಅನ್ನುವುದು ಆ ಬಾಯಿಯ ಹಟ. ನಾನು ಹೇಳಿದೆ: ಬಣ್ಣ ಒಂದೇ ಇರಲಿ, ಅರಿವೆ ಒಂದೇ ಇರಲಿ, ಉದ್ದ ಒಂದೇ ಇರಲಿ. ಕಟ್ ಮಾತ್ರ ಅವರವರ ಮೈಗೆ ತಕ್ಕಂತೆ ಇರಲಿ. ಭುಜವಿಲ್ಲದ ಬಟ್ಟೆ ಬರೀ ಬಿಗಿತದ ಮೇಲೆ ನಿಲ್ಲುತ್ತದೆ. ಎದೆ ಭಾರ ಇದ್ದವಳು ಅದನ್ನು ಸಂಜೆಯ ತನಕ ಮೇಲೆ ಎಳೆದುಕೊಳ್ಳುತ್ತಲೇ ಇರಬೇಕು. ಭಾರ ಹೊರಬೇಕಾದದ್ದು ಭುಜ. ಮೇಲಾಗಿ ಚರ್ಚಿನಲ್ಲಿ ಭುಜ ಮುಚ್ಚಿರಲಿ ಅನ್ನುವ ಪಾದ್ರಿಗಳೂ ಇದ್ದಾರೆ. ಈ ಕಡೆಯ ಮಾತಿಗೆ ಬಾಯಿ ಒಪ್ಪಿದರು. ಉಳಿದ ಮಾತಿಗೆ ಅಲ್ಲ. ಇರಲಿ, ಒಪ್ಪಿದರಲ್ಲ.

ಅರಿವೆ ತರಲು ಮಗಳನ್ನೂ ಮದುಮಗಳನ್ನೂ ಕರೆದುಕೊಂಡೇ ನ್ಯೂ ಮಾರ್ಕೆಟ್ಟಿಗೆ ಹೋದೆ. ದೊಡ್ಡ ಮೈಯವರು ಕರಿ ಬಣ್ಣ ಹಾಕಿದರೆ ತೆಳ್ಳಗೆ ಕಾಣುತ್ತಾರೆ ಅನ್ನುವ ಮಾತನ್ನು ಅಂಗಡಿಯವನೂ ಹೇಳಿದ. ಪೂರ್ತಿ ನಿಜ ಅಲ್ಲ. ಬಣ್ಣಕ್ಕಿಂತ ಹೊಳಪು ಮುಖ್ಯ. ಕರಿ ಸ್ಯಾಟಿನ್ ತಗೊಂಡರೂ ಬೆಳಕು ಬಿದ್ದಲ್ಲೆಲ್ಲ ಒಂದೊಂದು ಮಡಿಕೆ ಎದ್ದು ತೋರಿಸುತ್ತದೆ. ಕ್ರೇಪು, ದಪ್ಪ ಜಾರ್ಜೆಟ್ಟು ಬೆಳಕನ್ನು ನುಂಗುತ್ತವೆ, ಜೋತು ಬೀಳುತ್ತವೆ. ನಾವು ತಂದದ್ದು ನವಿಲಿನ ಕತ್ತಿನ ಬಣ್ಣದ ಕ್ರೇಪು. ಐದೂ ಹುಡುಗಿಯರ ಮೈಬಣ್ಣ ಬೇರೆ ಬೇರೆ, ಅದು ಎಲ್ಲರಿಗೂ ಒಪ್ಪಿತು. 44 ಇಂಚು ಅಗಲದಲ್ಲಿ ತೆಳ್ಳಗಿನವರಿಗೆ ತಲಾ ಮೂರೂವರೆ ಮೀಟರು, ಮಗಳಿಗೆ ಐದು. ಒಳಗೆ ಅಸ್ತರಕ್ಕೆ ಹತ್ತಿಯ ಬಟ್ಟೆ. ಮೇ ತಿಂಗಳ ಗೋವಾದಲ್ಲಿ ಸಿಂಥೆಟಿಕ್ ಅಸ್ತರ ಹಾಕುವವರು ಒಮ್ಮೆ ತಾವೇ ಅದನ್ನು ತೊಟ್ಟು ಕುಣಿದು ನೋಡಬೇಕು.

ದಪ್ಪಗಿರುವವರು ಸಡಿಲ ಬಟ್ಟೆ ಹಾಕಬೇಕು ಅನ್ನುವುದು ಇನ್ನೊಂದು ಸುಳ್ಳು. ಹಾಗೆ ಹೊಲಿದರೆ ಎದೆಯ ಎತ್ತರದಿಂದ ಬಟ್ಟೆ ಡೇರೆಯಂತೆ ಇಳಿದು, ಇರುವುದಕ್ಕಿಂತ ದುಪ್ಪಟ್ಟು ಕಾಣುತ್ತಾರೆ. ಮಗಳಿಗೆ ನಾನು ಹಾಕಿದ್ದು ಪ್ರಿನ್ಸೆಸ್ ಕಟ್. ಭುಜದಿಂದ ಎದೆಯ ಮೇಲೆ ಹಾದು ಸೊಂಟಕ್ಕೆ ಇಳಿಯುವ ಉದ್ದ ಜೋಡಣೆ, ಟಕ್ಸು ಹಿಡಿಯುವುದೇ ಬೇಡ, ಮೈಯ ಏರಿಳಿತ ಜೋಡಣೆಯೊಳಗೇ ಬರುತ್ತದೆ. ಎದೆಯ ಕೆಳಗೆ, ಅವಳ ಮೈ ಎಲ್ಲಿ ಸಣ್ಣಗಿದೆಯೋ ಅಲ್ಲಿ ಕೂರುವ ಹಾಗೆ. ಅಲ್ಲಿಂದ ಕೆಳಗೆ ಕಲ್ಲಿ ಹಾಕಿ ಘೇರು ಬಿಟ್ಟೆ. ಕೊರಳು ವಿ ಆಕಾರ, ತೋಳು ಮೊಣಕೈ ದಾಟಿ ನಾಲ್ಕು ಬೆರಳು. ಕಂಕುಳಿಗೆ ಅಜ್ಜಿಯ ಕುಬಸದ ಲೆಕ್ಕದಲ್ಲೇ ಒಂದು ಬಗಲ ತುಂಡು. ಅದನ್ನು ಯಾವ ಪುಸ್ತಕದಲ್ಲೂ ಹೇಳಿಲ್ಲ, ಆದರೆ ಕೈ ಮೇಲೆತ್ತಿ ಕುಣಿಯುವವರಿಗೆ ಅದು ಬೇಕೇ ಬೇಕು. ಅಳತೆಯನ್ನು ನಿಲ್ಲಿಸಿ ತೆಗೆದೆ, ಕೂರಿಸಿ ತೆಗೆದೆ. ಕೂತಾಗ ಹೊಟ್ಟೆ ಎರಡು ಮೂರು ಇಂಚು ಹೆಚ್ಚುತ್ತದೆ, ಅದು ತೆಳ್ಳಗಿನವರಿಗೂ ಹೆಚ್ಚುತ್ತದೆ. ತೊಡೆಗೆ ತೊಡೆ ಉಜ್ಜಿ ಗಾಯವಾಗುವ ಸಂಗತಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಉಳಿದ ಹತ್ತಿ ಬಟ್ಟೆಯಲ್ಲಿ ಮೊಣಕಾಲ ಮೇಲಿನ ತನಕದ ಚಡ್ಡಿ ಹೊಲಿದು ಅದರ ಜೋಡಿ ಇಟ್ಟೆ.

ಇನ್ನೊಬ್ಬ ದೊಡ್ಡ ಮೈಯ ಹುಡುಗಿ ಮದುಮಗಳ ಚಿಕ್ಕಪ್ಪನ ಮಗಳು. ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಲ್ಲಿ ಇರುವಾಕಿ. ಗೋವಾದವರು ಅಲ್ಲಿ ಬಹಳ ಇದ್ದಾರೆ. ಅವಳು ಕಳಿಸಿದ್ದು ಅಳತೆ ಅಲ್ಲ, "ಸೈಜ್ 22" ಅನ್ನುವ ನಂಬರು. ಅದು ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ. ವಿಡಿಯೋದಲ್ಲಿ ಅವಳ ತಾಯಿಯ ಕೈಗೆ ಟೇಪು ಹಿಡಿಸಿ, ಇಲ್ಲಿಂದ ನಾನು "ಇನ್ನೂ ಕೆಳಗೆ, ಇನ್ನೂ ಕೆಳಗೆ" ಅನ್ನುತ್ತಾ ಬರೆದುಕೊಂಡೆ. ಅವಳು ಬರುವುದು ಮದುವೆಗೆ ನಾಲ್ಕು ದಿನ ಮೊದಲು. ಆದ್ದರಿಂದ ಎರಡೂ ಬದಿಗೆ ಎರಡೆರಡು ಇಂಚು ಮಾರ್ಜಿನ್ ಒಳಗೆ ಬಿಟ್ಟು, ಬೆನ್ನಿಗೆ ಜಿಪ್ಪಿನ ಬದಲು ಕುಣಿಕೆ ಹಾಕಿ ಲಾಡಿ ಪೋಣಿಸಿದೆ. ಕುಬಸದ ಗಂಟು ಮುಂದಿನಿಂದ ಹಿಂದಕ್ಕೆ ಹೋಯಿತು, ಅಷ್ಟೇ. ಅವಳು ಬಂದು ತೊಟ್ಟಾಗ ಬಿಚ್ಚಬೇಕಾದದ್ದು ಅರ್ಧ ಇಂಚು ಮಾತ್ರ.

ಮಗಳು ಮೊದಲ ಟ್ರಯಲ್ಲಿಗೆ ಕನ್ನಡಿಗೆ ಬೆನ್ನು ಹಾಕಿ ನಿಂತಳು. ನಾನು ಏನೂ ಅನ್ನಲಿಲ್ಲ, ಬಾಯಲ್ಲಿ ಟಾಚಣಿ ಹಿಡಿದಿದ್ದೆ. ಎರಡನೆಯ ಟ್ರಯಲ್ಲಿಗೆ ತಾನೇ ತಿರುಗಿದಳು. ಕೈ ಮೇಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. "ಅವ್ವಾ, ಇದು ಜಗ್ಗೂದಿಲ್ಲ" ಅಂದಳು. ಅವಳ ಜನ್ಮದಲ್ಲಿ ಅವಳು ಒಂದು ಬಟ್ಟೆಯನ್ನು ಹೊಗಳಿದ್ದು ಹೀಗೆ.

ಮದುವೆಯ ದಿನ ಫೋಟೋದವನು ಸಾಲು ನಿಲ್ಲಿಸುವಾಗ ಅವಳನ್ನೂ ಸ್ವಿಂಡನ್ನಿನ ಹುಡುಗಿಯನ್ನೂ ಹಿಂದಕ್ಕೆ ಸರಿಸಲು ನೋಡಿದ. ಮದುಮಗಳು, "ಎತ್ತರದ ಪ್ರಕಾರ ನಿಲ್ಲಿಸು" ಅಂದಳು. ನನ್ನ ಮಗಳು ಐದರಲ್ಲಿ ಗಿಡ್ಡ. ಹಾಗಾಗಿ ಮದುಮಗಳ ಬಾಜೂಕೇ ಬಂದಳು. ಸಂಜೆ ಬ್ಯಾಂಡಿನವರು ಪೆಟ್ಟಿಗೆ ಕಟ್ಟುವ ತನಕ ಹಾಲಿನಲ್ಲೇ ಇದ್ದಳು. ಬಗಲ ಹೊಲಿಗೆ ಒಂದು ಎಳೆಯೂ ಬಿಚ್ಚಿರಲಿಲ್ಲ, ಮನೆಗೆ ಬಂದ ಮೇಲೆ ನಾನು ನೋಡಿದೆ.

ಆ ಮದುವೆಯ ತರುವಾಯ ಮೂರು ಮನೆಯವರು ಬಂದರು. "ಆ ಹಸಿರು ನೀಲಿ ಬಟ್ಟೆಯ ಹುಡುಗಿಗೆ ಹೊಲಿದದ್ದು ನೀವೇನಾ" ಅಂತ ಕೇಳಿ ಬಂದವರು. ಮೂರರಲ್ಲೂ ದೊಡ್ಡ ಮೈಯ ಧೆಡಿ ಒಬ್ಬಾಕಿ ಇದ್ದಳು. ದೊಡ್ಡ ಅಳತೆಗೆ ಅರಿವೆ ಹೆಚ್ಚು ಹಿಡಿಯುತ್ತದೆ, ಅದರ ರೊಕ್ಕ ಬೇರೆ. ಹೊಲಿಗೆಯ ಕೂಲಿ ಮಾತ್ರ ನಾನು ಎಲ್ಲರಿಗೂ ಒಂದೇ ಹಚ್ಚುತ್ತೇನೆ. ಹೆಚ್ಚು ಹಚ್ಚುವವರು ಇದ್ದಾರೆ, ಅವರ ಕಡೆ ಹೋಗಿ ಬಂದ ಹುಡುಗಿಯರೇ ನನಗೆ ಹೇಳುತ್ತಾರೆ.

ಈ ಸಲ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರುತ್ತೇನೆ ಅಂತ ಮಗಳು ತಾನಾಗಿಯೇ ಅಂದಿದ್ದಾಳೆ. ಖಣದಲ್ಲಿ ಕುಬಸ ಬೇಕಂತೆ, ಗಂಟಿನದ್ದೇ. ಖಣದ ಅಗಲ ಸಣ್ಣದು, ಅಂಚು ಎರಡೂ ತೋಳಿನ ತುದಿಗೆ ಬರಬೇಕು, ಒಂದು ಖಣದಲ್ಲಿ ಅವಳಿಗೆ ಏಳುವುದಿಲ್ಲ. ಗುಳೇದಗುಡ್ಡಕ್ಕೆ ಹೋಗುವವರು ಯಾರಾದರೂ ಇದ್ದರೆ ದಾಳಿಂಬೆ ಕೆಂಪಿನಲ್ಲಿ, ಒಂದೇ ಮಗ್ಗದ್ದು ನೋಡಿ, ಎರಡು ಖಣ ತಂದಿಡಿ. ರೊಕ್ಕ ಕಳಿಸಿಕೊಡುತ್ತೇನೆ.