ಗೌಡರ ವಾಡೆಯ ಕಿಂಡಿಗಳು

ಮಲಪ್ರಭೆ ದಂಡೆಯ ನಮ್ಮೂರಲ್ಲಿ ಗೌಡರ ವಾಡೆ ಹೊಗಬೇಕೆಂದರೆ ಎಂಥವರೂ ತಲೆ ತಗ್ಗಿಸಲೇಬೇಕಿತ್ತು. ಹೆಬ್ಬಾಗಿಲು ತೆರೆಯುತ್ತಿದ್ದುದು ಮದುವೆಗೆ, ಸುಗ್ಗಿಯ ಚಕ್ಕಡಿಗಳಿಗೆ ಮಾತ್ರ. ಉಳಿದ ದಿನ ಅದರೊಳಗಿನ ಗಿಡ್ಡ ಬಾಗಿಲು, ದಿಡ್ಡಿಯಲ್ಲೇ ಓಡಾಟ. ಮನೆತನಕ್ಕೆ ಕೊಡುವ ಮರ್ಯಾದೆ ಎನ್ನುತ್ತಿದ್ದರು ಹಿರಿಯರು. ಬಗ್ಗಿ ಬಂದವನ ಕತ್ತು ಒಳಗಿನವನ ಕತ್ತಿಗೆ ಸಿಗಲೆಂದೂ ಇದ್ದೀತು!

ಅದು ಬರೀ ಒಕ್ಕಲುತನದ ಮನೆಯೋ, ಒಂದು ಕಾಲದ ಕೋಟೆಯೋ? ಗೋಡೆಯ ದಪ್ಪ ನೋಡಿ ತೀರ್ಮಾನಿಸುವಂತಿಲ್ಲ. ನಮ್ಮ ಬಿಸಿಲಿಗೆ, ಮಣ್ಣಿನ ಮಾಳಿಗೆಯ ಭಾರಕ್ಕೆ ಬಡವರ ಗೋಡೆಯೂ ದಪ್ಪವೇ. ಗುಟ್ಟು ಬಿಟ್ಟುಕೊಡುತ್ತಿದ್ದುದು ಮೇಲಂತಸ್ತಿನ ಕಿಂಡಿಗಳು. ಬೆಳಕಿಗೆಂದು ಬಿಟ್ಟಿದ್ದರೆ ಅವು ಮೇಲೆ, ಜಂತಿಯ ಹತ್ತಿರ ಇರಬೇಕಿತ್ತು. ಇವು ಎದೆಮಟ್ಟಕ್ಕಿದ್ದವು; ಒಳಗೆ ಅಗಲ, ಹೊರಗೆ ಕಿರಿದು, ಕೆಳಮುಖ ಇಳಿಜಾರು. ಕಣ್ಣಿಟ್ಟರೆ ಆಕಾಶ ಕಾಣದು, ಅಗಸಿಯಿಂದ ಬರುವ ಹಾದಿಯಷ್ಟೇ. ಬಂದೂಕಿನ ನಳಿಗೆ ಕೂರಬೇಕಾದಲ್ಲಿ ನಮ್ಮ ಕಾಲಕ್ಕೆ ಗುಬ್ಬಿಗಳು ಸಂಸಾರ ಹೂಡಿದ್ದವು. ಬಾಗಿಲ ಪಕ್ಕದ ಗೋಡೆಯ ತೂತಿಗೆ ತೋಳು ಪೂರ್ತಿ ತೂರಿಸಿದರೂ ಕೊನೆ ಸಿಗುತ್ತಿರಲಿಲ್ಲ. ಅಗಳಿಯ ತೊಲೆ ಸರಿಯುತ್ತಿದ್ದುದು ಅದರೊಳಗೆ. ಅಂಗಳದಲ್ಲೇ ಬಾವಿ, ಕಾಳು ತುಂಬಿಡುವ ಹಗೇವು. ಹಿಂದೆ ದುಂಡನೆಯ ಹುಡೇವು, ಅಂದರೆ ಕಾವಲಿನ ಬುರುಜು.

ಪಿಂಡಾರಿಗಳ ಕುದುರೆದಂಡು ಊರೂರು ಸೂರೆ ಮಾಡುತ್ತಿದ್ದ ಕಾಲಕ್ಕೆ ಇಷ್ಟೆಲ್ಲ ಬೇಕಿತ್ತು. 1817-18ರಲ್ಲಿ ಕಂಪನಿಯವರು ಅವರನ್ನು ಅಡಗಿಸಿದರು. 1857ರಲ್ಲಿ ಆಯುಧಗಳನ್ನೂ ಕಸಿಯಲು ಬಂದಾಗ ಹಲಗಲಿಯ ಬೇಡರು ತಿರುಗಿಬಿದ್ದದ್ದು ನಮ್ಮ ಸೀಮೆಗೆಲ್ಲ ಗೊತ್ತು. ಆಮೇಲೆ ಕಿಂಡಿಗಳಿಗೆ ಕೆಲಸವಿಲ್ಲದಾಯಿತು.

ನಮ್ಮಜ್ಜಿಗೆ ಇಸವಿ ಗೊತ್ತಿರಲಿಲ್ಲ. “ಹಲಗಿ ಸಪ್ಪಳ ಕೇಳಿದ್ರ ಇಡೀ ಓಣಿನ ವಾಡೇದಾಗ ಬರ್ತಿತ್ತಂತ, ದನಾ ಕರಾ ಸೈತ. ಗೌಡ್ತಿ ಹಗೇವು ತೆಗಿಸಿ ಎಲ್ಲಾರಿಗೂ ಜ್ವಾಳಾ ಅಳಿಸ್ತಿದ್ಲಂತ” ಎನ್ನುತ್ತಿದ್ದಳು. ಆ ಹೆಬ್ಬಾಗಿಲಿನ ಗತ್ತನ್ನು ಊರು ಸಹಿಸಿಕೊಂಡದ್ದು ಇದಕ್ಕೇ ಇರಬೇಕು. ಗೌಡಕಿಯ ದರ್ಪ ಮರಳಿ ಬರಲೆಂದು ನಾನೇನೂ ಹರಕೆ ಹೊತ್ತಿಲ್ಲ.

ಕುದುರೆದಂಡಿಗೆ ಬಗ್ಗದ ವಾಡೆ ಅಣ್ಣತಮ್ಮಂದಿರ ಪಾಲಿಗೆ ಬಗ್ಗಿತು. ಸಾಗುವಾನಿ ಕಂಬಗಳು ಯಾವುದೋ ರೆಸಾರ್ಟಿಗೆ ಹೋದವು. ಹುಡೇವನ್ನು ಜೆಸಿಬಿ ಕೆಡವಿತು, ಮಣ್ಣು ರಸ್ತೆಗೆ ಬಿತ್ತು. ಒಪ್ಪುತ್ತೇನೆ, ಆ ರಸ್ತೆಯಲ್ಲಿ ಈಗ ಆಂಬುಲೆನ್ಸ್ ಮನೆಬಾಗಿಲಿಗೇ ಬರುತ್ತದೆ. ಆದರೆ ವಾಡೆಯ ಜಾಗದ ಆರ್‌ಸಿಸಿ ಮನೆಗಳಿಗೂ ಎತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಮೂಲೆಗೊಂದು ಕ್ಯಾಮೆರಾ. ಯಾವ ದಂಡಿನ ಭಯವೋ! ಓಣಿಯವರು ಒಳಗೆ ಬರುವ ಮಾತಿರಲಿ, ಒಡಹುಟ್ಟಿದವರೂ ಗೇಟಿನಾಚೆ ನಿಂತು ಫೋನ್ ಮಾಡಬೇಕು.