ಡಬ್ಬ, ಅಲಸಂದೆ, ಸ್ತುತಿ

‘ಸ್ತುತಿ’ ಅನ್ನೋ ಪದದ ಅರ್ಥವನ್ನು ನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳ್ತೀರ? ಒಮ್ಮೆ ಪ್ರಯತ್ನ ಮಾಡಿ ನೋಡಿ. “ದೇವರನ್ನು ಹೊಗಳೋದು” ಅಂದ್ರೆ, “ಹೊಗಳೋದು ಅಂದ್ರೆ?” ಅನ್ನುತ್ತೆ. “ನೀನು ತುಂಬಾ ಒಳ್ಳೆಯವನು ಅಂತ ಹೇಳೋದು” ಅಂದ್ರೆ, “ದೇವರಿಗೆ ಅದು ಗೊತ್ತಿಲ್ವಾ?” ಅನ್ನುತ್ತೆ. ಅಲ್ಲಿಗೆ ನಮ್ಮ ಪಾಂಡಿತ್ಯ ಮುಗೀತು.

ನಾನು ವಾರವಿಡೀ ಕೋಡ್ ಬರೆದು, ಅದರಲ್ಲಿ ಬಂದ ಬಗ್‌ಗಳಿಗೆ ಉತ್ತರ ಕೊಡುವ ಪ್ರಾಣಿ. ಮನೆ ಇರೋದು ಮೈಸೂರಿನ ಗೋಕುಲಂನಲ್ಲಿ. ಭಾನುವಾರ ಬೆಳಿಗ್ಗೆ ಮಾತ್ರ ನನ್ನ ವೇಷ ಬೇರೆ. ಅಮ್ಮ ವರ್ಷಗಳಿಂದ ನಡೆಸಿಕೊಂಡು ಬಂದಿರುವ ಸಂಡೇ ಸ್ಕೂಲ್ ತರಗತಿಯಲ್ಲಿ ನಾನು ಸಹಾಯಕ. ನಾಲ್ಕರಿಂದ ಏಳು ವರ್ಷದ ಮಕ್ಕಳು. ಅಮ್ಮನನ್ನು ‘ಟೀಚರ್’ ಅಂತಾರೆ, ನನ್ನನ್ನು ‘ಅಣ್ಣ’ ಅಂತಾರೆ. ಬೇಸಿಗೆ ರಜೆ ಬಂದರೆ ವಿ.ಬಿ.ಎಸ್. ಇರುತ್ತೆ, ಅಂದರೆ ವೆಕೇಶನ್ ಬೈಬಲ್ ಸ್ಕೂಲ್. ಕೇಳಿರದ ಗೆಳೆಯರಿಗೆ ಹೇಳೋದಾದ್ರೆ, ಹಾಡು, ಕಥೆ, ಕತ್ತರಿ, ಗೋಂದು ಎಲ್ಲ ಸೇರಿದ ಬೇಸಿಗೆ ಶಿಬಿರ. ಇದರ ಮೂಲ ಮಜವಾಗಿದೆ. 1898ರಲ್ಲಿ ನ್ಯೂಯಾರ್ಕಿನ ಬಡ ಬಡಾವಣೆಯೊಂದರಲ್ಲಿ ಹಾಸ್ ಎಂಬಾಕೆ, ಬೇಸಿಗೆಯಲ್ಲಿ ಬೀದಿ ಅಲೆಯುತ್ತಿದ್ದ ಮಕ್ಕಳನ್ನು ಸೇರಿಸಿ ಇಂಥ ಶಾಲೆ ಶುರು ಮಾಡಿದರಂತೆ. ಜಾಗ ಸಿಕ್ಕಿದ್ದು ಬಿಯರ್ ಮಾರುವ ಹಾಲ್‌ನಲ್ಲಿ :)

ಈ ಸಲದ ವಿಷಯ ಸ್ತುತಿ. ನಾನು ನೋಟ್ಸ್ ಮಾಡಿಕೊಂಡಿದ್ದೆ. ಅಮ್ಮ ಅದನ್ನು ಓದಿ, ಪಕ್ಕಕ್ಕಿಟ್ಟು, “ಅಂಗಡಿಗೆ ಹೋಗಿ ಅಲಸಂದೆ ಕಾಲು ಕೇಜಿ, ರಾಗಿ ಕಾಲು ಕೇಜಿ ತಗೊಂಡು ಬಾ” ಅಂದ್ರು.

ಬೈಬಲ್ಲಿನಲ್ಲಿ ಕೀರ್ತನೆಗಳು ಅಂತ ಒಂದು ಪುಸ್ತಕ ಇದೆ. ಒಟ್ಟು 150. ಕೊನೆಯದರಲ್ಲಿ ವಾದ್ಯಗಳ ದೊಡ್ಡ ಪಟ್ಟಿಯೇ ಬರುತ್ತೆ. ಕೊಂಬು, ಕಿನ್ನರಿ, ದಮ್ಮಡಿ, ಕೊಳಲು, ತಾಳ... ಎಲ್ಲವನ್ನೂ ನುಡಿಸಿ ದೇವರನ್ನು ಕೊಂಡಾಡಿ ಅನ್ನುವ ಕೀರ್ತನೆ ಅದು. ಕುಣಿಯೋದಕ್ಕೂ ಅಲ್ಲಿ ಜಾಗ ಇದೆ. ಇದನ್ನು ಮಕ್ಕಳಿಗೆ ಓದಿ ಹೇಳಿದರೆ ಆಕಳಿಸ್ತವೆ. ಮಾಡಿಸಿದರೆ? ಎರಡು ಐಸ್‌ಕ್ರೀಮ್ ಕಪ್ಪನ್ನು ಬಾಯಿಗೆ ಬಾಯಿ ಸೇರಿಸಿ, ಒಳಗೆ ಕಾಳು ಹಾಕಿ ಟೇಪ್ ಸುತ್ತಿದರೆ ಗಿಲಕಿ. (ಕಾಳನ್ನು ಮೂಗಿಗೆ ತುರುಕಿಕೊಳ್ಳುವ ವಯಸ್ಸು, ಹಾಗಾಗಿ ಟೇಪ್ ಮೂರು ಸುತ್ತು, ಅದೂ ದೊಡ್ಡವರ ಕೈಯಲ್ಲೇ.) ಪೇಪರ್ ತಟ್ಟೆಯ ಅಂಚಿಗೆ ಗೆಜ್ಜೆ ಕಟ್ಟಿದರೆ ದಮ್ಮಡಿ. ಹಳೇ ಡಬ್ಬದ ಬಾಯಿಗೆ ಬಲೂನು ಎಳೆದು ಕಟ್ಟಿದರೆ ಡೋಲು.

ಅಲಸಂದೆ ಹಾಕಿದ ಗಿಲಕಿ ಗಟ್ಟಿಯಾಗಿ ಕಟಕಟ ಅನ್ನುತ್ತೆ. ರಾಗಿ ಹಾಕಿದ್ದು ಮಳೆ ದೂರದಲ್ಲಿ ಬಂದ ಹಾಗೆ ಸರ್... ಅನ್ನುತ್ತೆ. “ಯಾವುದು ಒಳ್ಳೇದು?” ಅಂತ ಮಕ್ಕಳು ಜಗಳಕ್ಕೆ ನಿಂತಾಗ ಅಮ್ಮ “ಎರಡೂ ಬೇಕು” ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ನಾನು ನೋಟ್ಸ್‌ನಲ್ಲಿ ಎರಡು ಪುಟ ಬರೆದದ್ದು ಅಷ್ಟರಲ್ಲೇ ಬಂದುಹೋಯ್ತು.

ಎರಡನೇ ದಿನ ಒಬ್ಬಳು ಪುಟಾಣಿ ಹತ್ತಿರ ಬಂದು ಕೇಳಿದಳು: “ಅಣ್ಣ, ಚೆನ್ನಾಗಿ ಸ್ತುತಿ ಮಾಡಿದವರಿಗೆ ಎಷ್ಟು ಸ್ಟಾರ್?”

ನಗು ಬಂತು. ಆದರೆ ಅವಳ ಪ್ರಶ್ನೆ ತಪ್ಪೇನಲ್ಲ. ಅವಳ ಶಾಲೆಯಲ್ಲಿ ಎಲ್ಲದಕ್ಕೂ ಸ್ಟಾರ್ ಇದೆ. ನನ್ನ ಆಫೀಸಿನಲ್ಲೂ ಇದೆ, ಅದಕ್ಕೆ ಅಪ್ರೈಸಲ್ ಅಂತಾರೆ ಅಷ್ಟೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸೋದು ಅಂದ್ರೆ ಮೊದಲೇ ಇಷ್ಟ ಇದ್ದ ಮಕ್ಕಳು ಅವರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮುಂಚೆಯೇ ಹೇಳಿದರು, ಕೊಟ್ಟರು. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನದ ಆಸೆ ಇಲ್ಲದೆ ಬಿಡಿಸಿದ್ದ ಮಕ್ಕಳಿಗೆ ಹೋಲಿಸಿದರೆ ಇವರು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಸುಮಾರು ಅರ್ಧದಷ್ಟೇ ಇತ್ತು! ಕೈಗೆ ಖುಷಿ ಕೊಡುತ್ತಿದ್ದ ಆಟ ‘ಕೆಲಸ’ ಆಗಿಬಿಟ್ಟಿತ್ತು.

ಚಿತ್ರಕ್ಕೇ ಹೀಗಾದರೆ ಸ್ತುತಿಗೆ ಏನಾದೀತು? ಇಂಗ್ಲಿಷಿನಲ್ಲಿ ಎರಡಕ್ಕೂ ಪ್ರೇಸ್ ಅನ್ನೋ ಒಂದೇ ಪದ. ನಮ್ಮ ಪುಣ್ಯ, ಕನ್ನಡದಲ್ಲಿ ಹೊಗಳಿಕೆ ಬೇರೆ, ಸ್ತುತಿ ಬೇರೆ. ಹೊಗಳುಭಟ್ಟ ಅನ್ನೋ ಪದ ಕೂಡ ಇದೆ. ಹೊಗಳುಭಟ್ಟನ ಕಣ್ಣು ತನಗೆ ಸಿಗಬೇಕಾದ್ದರ ಮೇಲೆ. ಸ್ತುತಿ ಮಾಡುವವನ ಕಣ್ಣು ಎದುರಿಗಿರುವುದರ ಮೇಲೆ. ಮೇಲಿನ ಪುಟಾಣಿ ಪ್ರಶ್ನೆಗೆ, ಅಂದರೆ ದೇವರಿಗೆ ಗೊತ್ತಿಲ್ವಾ ಅನ್ನೋದಕ್ಕೆ, ನನಗೆ ಹೊಳೆದ ಉತ್ತರವೂ ಇಷ್ಟೇ. ದೇವರಿಗೆ ಗೊತ್ತಿದೆ, ನಮಗೇ ಗೊತ್ತಾಗಬೇಕಾಗಿರೋದು. ಅಮ್ಮ ಆ ಹುಡುಗಿಗೆ ಹೇಳಿದ್ದು ಇನ್ನೂ ಸುಲಭವಾಗಿತ್ತು: “ಇಲ್ಲಿ ಸ್ಟಾರ್ ಇಲ್ಲ ಕಂದ. ಗಿಲಕಿ ನಿಂದೇ, ಮನೆಗೆ ತಗೊಂಡು ಹೋಗು.”

ಆಫೀಸಿನಲ್ಲಿ ಮಂಗಳೂರು ಕಡೆಯ ಗೆಳೆಯನ ಹತ್ತಿರ ಇದನ್ನು ಹೇಳಿದೆ. ಅವನು ಕೊಂಕಣಿ ಕ್ಯಾಥೋಲಿಕ್. “ನಮ್ಮಲ್ಲಿ ಮೊಂತಿ ಹಬ್ಬ ಇದೆಯಲ್ಲ ಮಾರಾಯ” ಅಂದ. ಸೆಪ್ಟೆಂಬರ್ 8, ಮೇರಿಯಮ್ಮನ ಹುಟ್ಟುಹಬ್ಬ. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲಮೇರಿಯ ಮೂರ್ತಿಯ ಮುಂದೆ ಹಾಡುತ್ತಾ ಎರಚುತ್ತಾರೆ. ಅಂಗಡಿ ಹೂವೇ ಆಗಬೇಕಿಲ್ಲ, ಬೇಲಿ ಮೇಲಿನ ಹೂವಾದರೂ ಸರಿ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬು. “ಯಾರ ಹೂ ಚೆಂದ ಅಂತ ಮಾರ್ಕ್ಸ್ ಕೊಡ್ತಿದ್ರಾ?” ಅಂದೆ. “ಛೇ, ಎಲ್ಲರಿಗೂ ಕಬ್ಬು!” ಅಂದ. ಆ ಹೂ ಹುಡುಕೋಕೆ ಬೆಳಿಗ್ಗೆ ತೋಟ ಸುತ್ತುತ್ತಿದ್ದನಂತೆ. ಯಾವ ಗಿಡದಲ್ಲಿ ಯಾವ ಹೂ ಯಾವಾಗ ಬಿಡುತ್ತೆ ಅಂತ ಈಗಲೂ ಹೇಳಬಲ್ಲ. ನೋಡೋದನ್ನು ಕಲಿಸಿದ್ದು ಆ ಬುಟ್ಟಿ.

ನಮ್ಮ ಗೋಕುಲಂನವರಿಗೆ ಈ ಮಾತು ಹೊಸದಾಗಬಾರದು. ಪಟ್ಟಾಭಿ ಜೋಯಿಸರು 2002ರಲ್ಲಿ ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಇಲ್ಲಿಗೆ ತಂದರು. ಅಂದಿನಿಂದ ಚಾಪೆ ಹಿಡಿದ ವಿದೇಶಿಯರನ್ನು ನೋಡಿ ನೋಡಿ ನಮಗೆ ಅಭ್ಯಾಸ ಆಗಿಹೋಗಿದೆ. ಅಭ್ಯಾಸ ಶೇ. 99, ಸಿದ್ಧಾಂತ ಶೇ. 1 ಅನ್ನೋದು ಜೋಯಿಸರ ಪ್ರಸಿದ್ಧ ಮಾತು. ಧರ್ಮ ಬೇರೆ, ದಾರಿ ಬೇರೆ. ಆದರೆ ಮೈ ಮೊದಲು ಕಲಿಯುತ್ತೆ, ತಲೆ ಆಮೇಲೆ ಬರುತ್ತೆ ಅನ್ನೋದರಲ್ಲಿ ಜೋಯಿಸರಿಗೂ ನಮ್ಮಮ್ಮನಿಗೂ ಭಿನ್ನಾಭಿಪ್ರಾಯ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಸಿಹಿ ಸಿಹಿ. ಆದರೆ ಆ ತರಗತಿಯಲ್ಲಿ ಆರು ವರ್ಷದ ಒಬ್ಬ ಹುಡುಗ ಇದ್ದ. ಅವನ ಅಜ್ಜಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಅವನನ್ನು ಸಾಕಿದ್ದೇ ಆ ಅಜ್ಜಿ. ಎಲ್ಲರೂ ಕಾಳು ತುಂಬುವಾಗ ಅವನು ಖಾಲಿ ಕಪ್ಪುಗಳನ್ನೇ ಜೋಡಿಸಿ ನನ್ನ ಕೈಗಿಟ್ಟ. “ಟೇಪ್ ಹಾಕಿ.” “ಕಾಳು ಹಾಕಿಲ್ವಲ್ಲೋ, ಸದ್ದು ಬರಲ್ಲ” ಅಂದೆ. “ಬೇಡ” ಅಂದ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಒತ್ತಾಯ ಮಾಡಲಿಲ್ಲ, ದೇವರ ಬಗ್ಗೆ ಭಾಷಣವೂ ಮಾಡಲಿಲ್ಲ. ಒಂದೇ ಸುತ್ತು ಟೇಪ್ ಹಾಕಿ ಕೊಟ್ಟು, “ಇಟ್ಕೋ ಮರಿ. ಕಾಳು ನನ್ನ ಹತ್ರ ಇರುತ್ತೆ” ಅಂದ್ರು. ಹಾಡುವಾಗ ಅವನು ಆ ಖಾಲಿ ಗಿಲಕಿಯನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಯಾರೂ ‘ಆಡಿಸು’ ಅನ್ನಲಿಲ್ಲ.

ಆ ರಾತ್ರಿ ನಾನು 13ನೇ ಕೀರ್ತನೆ ಓದಿದೆ. ಬರೀ ಆರು ವಚನ. ಶುರುವಾಗೋದು ದೂರಿನಿಂದ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀಯ ಅನ್ನೋ ಅರ್ಥದಲ್ಲಿ. ಮುಗಿಯೋದು ಹಾಡ್ತೀನಿ ಅನ್ನೋ ಮಾತಿನಿಂದ. ವಾದ್ಯಗಳ 150ನೇ ಕೀರ್ತನೆ ಇರುವ ಪುಸ್ತಕದಲ್ಲೇ ಇಂಥ ಅಳುವ ಕೀರ್ತನೆಗಳೂ ಬಹಳ ಇವೆ. ಇಡೀ ಪುಸ್ತಕಕ್ಕೆ ಹೀಬ್ರೂ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ‘ಸ್ತುತಿಗಳು’ ಅಂತ. ಅಂದರೆ ಅಳುವವರನ್ನೂ ಆ ಹೆಸರಿನೊಳಗೇ ಸೇರಿಸಿಕೊಂಡಿದ್ದಾರೆ. ಮಕ್ಕಳಿಗೆ ಬರೀ ಖುಷಿಯ ಹಾಡನ್ನೇ ಕಲಿಸಿದರೆ, ದುಃಖ ಬಂದ ದಿನ ಅವರಿಗೆ ಕೂರಲು ಜಾಗವೇ ಇಲ್ಲದ ಹಾಗಾಗುತ್ತೆ. ಖಾಲಿ ಗಿಲಕಿಗೂ ತರಗತಿಯಲ್ಲಿ ಜಾಗ ಇರಬೇಕು.

ಐದನೇ ದಿನ, ಕಡೇ ದಿನ, ಆ ಹುಡುಗ ಅಮ್ಮನ ಹತ್ತಿರ ಬಂದು ಕೈ ಚಾಚಿದ. ಅಮ್ಮ ಎರಡು ಡಬ್ಬ ತೋರಿಸಿದರು. ಅಲಸಂದೆ ಬೇಡ ಅಂದ. ರಾಗಿ, ಅದೂ ಒಂದು ಚಿಟಿಕೆ. ಕಿವಿ ಹತ್ತಿರ ಇಟ್ಟುಕೊಂಡರೆ ಮಾತ್ರ ಕೇಳಿಸುವಷ್ಟು.

ಅಮ್ಮ ಮತ್ತೆ ಟೇಪ್ ಸುತ್ತಿ ಕೊಟ್ಟರು. ಈ ಸಲ ಮೂರು ಸುತ್ತು.

ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ಕಲಿಸ್ತೀರ? ದಸರೆಗೆ ಗೊಂಬೆ ಕೂರಿಸುವಾಗ, ಹೂ ಕಟ್ಟುವಾಗ, ರಂಗೋಲಿ ಹಾಕುವಾಗ ಮಕ್ಕಳ ಕೈಗೆ ಏನು ಕೊಡ್ತೀರ? ಮುಖ್ಯವಾಗಿ, ‘ಬೇಡ’ ಅನ್ನೋ ಮಗುವಿಗೆ ಏನು ಹೇಳ್ತೀರ? ಬರೆದು ತಿಳಿಸಿ. ಮುಂದಿನ ಬೇಸಿಗೆಗೆ ನೋಟ್ಸ್ ಬದಲು ಅದನ್ನೇ ಇಟ್ಟುಕೊಳ್ತೀನಿ.